ವಾರ್ಫರಿನ್ ರೋಗಿಗೆ ತಲೆಯೊಳಗೆ ರಕ್ತಸ್ರಾವ: ಪ್ಲಾಸ್ಮಾವೋ, ಪಿಸಿಸಿಯೋ?

ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನುಂಗುವ ರೋಗಿ, 70 ಕಿಲೋ ತೂಕ, ಐಎನ್ಆರ್ (ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ; ಹೆಚ್ಚಿದ್ದಷ್ಟೂ ನಿಧಾನ) 3, ಸಿ.ಟಿ.ಯಲ್ಲಿ ಸಬ್‌ಡ್ಯೂರಲ್ (ಮಿದುಳಿನ ಹೊರಪೊರೆಯಡಿ) ರಕ್ತ ಎಂದುಕೊಳ್ಳಿ. ವಾರ್ಫರಿನ್ ಪರಿಣಾಮವನ್ನು ಬೇಗ ಇಳಿಸಬೇಕು.

ಫ್ರೆಶ್ ಫ್ರೋಜನ್ ಪ್ಲಾಸ್ಮಾ (ದಾನಿಗಳ ರಕ್ತದ ಹೆಪ್ಪುಗಟ್ಟಿಸಿಟ್ಟ ದ್ರವಭಾಗ) ಆದರೆ ಕಿಲೋಗೆ 15 ಮಿ.ಲೀ.ನಂತೆ ಒಂದು ಲೀಟರ್ ದಾಟುತ್ತದೆ. ರಕ್ತದ ಗುಂಪು ಹೊಂದಿಸಬೇಕು, ಕರಗಿಸಲು ಅರ್ಧ ಗಂಟೆ, ಏರಿಸಲು ಇನ್ನಷ್ಟು ಹೊತ್ತು. ಅಷ್ಟರಲ್ಲಿ ರಕ್ತದ ಗಡ್ಡೆ ಬೆಳೆದಿರಬಹುದು. ದುರ್ಬಲ ಹೃದಯವಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯ. ಐಎನ್ಆರ್ 1.5ರ ಆಸುಪಾಸಿನಲ್ಲಿ ನಿಂತುಬಿಡುವುದೂ ಸಾಮಾನ್ಯ.

ನಾಲ್ಕು ಅಂಶಗಳ ಪಿಸಿಸಿ (ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕಾನ್ಸಂಟ್ರೇಟ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಔಷಧ) ಕಿಲೋಗೆ 25 ಯೂನಿಟ್, ಅಂದರೆ 1750 ಯೂನಿಟ್. ಬರೀ 70 ಮಿ.ಲೀ. ಐಎನ್ಆರ್ 4–6 ಇದ್ದರೆ ಕಿಲೋಗೆ 35 ಯೂನಿಟ್, ಐಎನ್ಆರ್ 6 ಮೀರಿದರೆ ಕಿಲೋಗೆ 50 ಯೂನಿಟ್. ಗುಂಪು ನೋಡಬೇಕಿಲ್ಲ. ಮುಗಿದ 30 ನಿಮಿಷಕ್ಕೆ ಐಎನ್ಆರ್ ಮತ್ತೆ ನೋಡಿ. ದುಬಾರಿ, ನಿಜ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಇದೆ. ಹಲವು ಬ್ರ್ಯಾಂಡ್‌ಗಳಲ್ಲಿ ಹೆಪಾರಿನ್ ಇರುವುದರಿಂದ, ಹಿಂದೆ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದವರಿಗೆ ಅವು ಬೇಡ. ಸಿಕ್ಕರೆ ಪಿಸಿಸಿಯೇ ಸರಿ. ಇಲ್ಲದ ಊರಲ್ಲಿ ಪ್ಲಾಸ್ಮಾಗೆ ತಡಮಾಡಬೇಡಿ.

ಯಾವುದೇ ಕೊಟ್ಟರೂ ವಿಟಮಿನ್ ಕೆ 10 ಮಿ.ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ, ಸುಮಾರು 20–30 ನಿಮಿಷದಲ್ಲಿ ಹೋಗಲೇಬೇಕು. ಅದನ್ನು ಮರೆತರೆ, ಕೊಟ್ಟ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಏಳನೆಯದರ ಅರ್ಧಾಯುಷ್ಯ (ಅರ್ಧ ಕರಗುವ ಹೊತ್ತು) ಕೇವಲ ಆರು ಗಂಟೆ ಇರುವುದರಿಂದ, ಐಎನ್ಆರ್ ರಾತ್ರಿಯೇ ಮತ್ತೆ ಏರುತ್ತದೆ. ಪಿಸಿಸಿಯಲ್ಲಿ ಫೈಬ್ರಿನೋಜನ್ (ಹೆಪ್ಪಿನ ಎಳೆ ಕಟ್ಟುವ ಪ್ರೋಟೀನ್) ಇಲ್ಲ; ರೋಗಿಯ ರಕ್ತದಲ್ಲಿ ಅದು ಡೆಸಿಲೀಟರ್‌ಗೆ 150 ಮಿ.ಗ್ರಾಂಗಿಂತ ಕೆಳಗಿದ್ದರೆ ಕ್ರಯೋಪ್ರೆಸಿಪಿಟೇಟ್ (ಫೈಬ್ರಿನೋಜನ್ ಹೆಚ್ಚಿರುವ ಪ್ಲಾಸ್ಮಾ ಭಾಗ) ಬೇರೆಯೇ ತರಿಸಬೇಕು.