‘ಚೋಮನ ದುಡಿ’ ಪಾಠಕ್ಕೆ ತರಿಸಿದ ಕಿಟ್ ಹೇಗಿದೆ?

ಬಿ.ಎ. ಮಕ್ಕಳಿಗೆ ಈ ಸಲ ಶಿವರಾಮ ಕಾರಂತರ ‘ಚೋಮನ ದುಡಿ’ ಪಾಠ ಮಾಡಬೇಕಿತ್ತು. ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹೇಳಿದರು ಅಂತ ಒಂದು ಕಿಟ್ ತರಿಸಿದೆ. ಬೆಲೆ 350 ರೂಪಾಯಿ. ಒಳಗೆ ಒಂದು ಗೈಡ್, ಗೋಡೆಗೆ ಹಾಕುವ ನಕ್ಷೆ, ಜೆರಾಕ್ಸ್ ಮಾಡಿಸಿ ಹಂಚುವ ಬಿಡಿ ಹಾಳೆಗಳು, ಆಡಿಯೋಗೆ ಒಂದು ಕ್ಯೂಆರ್ ಕೋಡ್. ಪ್ರಕಾಶಕರ ಹೆಸರು ಬೇಡ ಬಿಡಿ.

ಗೈಡ್ ನೋಡಿ ಬೇಜಾರಾಯಿತು. ಸಾರಾಂಶ, ಪಾತ್ರ ಪರಿಚಯ, ಐದು ಅಂಕದ ಪ್ರಶ್ನೆ, ಹತ್ತು ಅಂಕದ ಪ್ರಶ್ನೆ. ಕಾದಂಬರಿಯೇ ಚಿಕ್ಕದು, ಒಂದೆರಡು ಸಂಜೆ ಕೂತರೆ ಮುಗಿಯುತ್ತದೆ, ಅದಕ್ಕೂ ಸಾರಾಂಶ ಕೊಟ್ಟರೆ ಮಕ್ಕಳು ಮೂಲ ಪುಸ್ತಕ ಮುಟ್ಟುವುದೇ ಇಲ್ಲ. ಹೋಗಲಿ, ಬರೆದದ್ದಾದರೂ ಸರಿ ಇದೆಯಾ ಅಂದರೆ ಅದೂ ಇಲ್ಲ. ಧಣಿ ಸಂಕಪ್ಪಯ್ಯನನ್ನು ‘ಕ್ರೂರ ಜಮೀನ್ದಾರ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ದಲಿತ ಜೀತದಾಳು ಚೋಮ ಬೇಸಾಯಕ್ಕೆ ಭೂಮಿ ಕೇಳಿದಾಗ ಧಣಿಯ ಮನಸ್ಸು ಕರಗುತ್ತದೆ, ಅಡ್ಡ ನಿಲ್ಲುವುದು ಧಣಿಯ ತಾಯಿ. ಯಾರೋ ಒಬ್ಬ ಕೆಟ್ಟವನಿದ್ದ, ಅದಕ್ಕೇ ಹೀಗಾಯಿತು ಅಂತ ಓದಿಸಿದರೆ ಊರಿನ ಕಟ್ಟುಪಾಡು ಸುಮ್ನೆ ಪಾರಾಗಿಬಿಡುತ್ತದೆ, ಅಲ್ವಾ? ಚೋಮನ ಮಗಳು ಬೆಳ್ಳಿಯ ವಿಷಯದಲ್ಲಂತೂ ಸಿಟ್ಟೇ ಬಂತು. ‘ದಾರಿ ತಪ್ಪಿದ ಮಗಳು’ ಅಂತೆ! ಎಸ್ಟೇಟಿನ ರೈಟರ್ (ಗುಮಾಸ್ತ) ಮನ್ವೇಲ ಏನು ಮಾಡಿದ ಅನ್ನುವುದಕ್ಕೆ ಆ ಪುಟದಲ್ಲಿ ಜಾಗವೇ ಇಲ್ಲ.

ಆದರೆ ಬಿಡಿ ಹಾಳೆಗಳನ್ನು ಮಾಡಿದವರು ಬೇರೆಯವರೇ ಇರಬೇಕು. ಒಂದು ಹಾಳೆ ಪೂರ್ತಿ ಚೋಮನ ಸಾಲದ್ದು. ನಾಲ್ಕು ಕಾಲಮ್ಮು: ಸಾಲ ಮಾಡಿದ್ದು ಯಾರು, ದುಡಿದದ್ದು ಯಾರು, ಲೆಕ್ಕ ಇಟ್ಟದ್ದು ಯಾರು, ತೀರಿದ್ದು ಹೇಗೆ. ತುಂಬಬೇಕಾದರೆ ಪುಸ್ತಕ ತೆಗೆಯಲೇಬೇಕು. ಚೋಮನ ಮಕ್ಕಳಾದ ಚನಿಯ, ಗುರುವ ಇಬ್ಬರೂ ಸಾಲ ತೀರಿಸಲು ಘಟ್ಟದ ಎಸ್ಟೇಟಿಗೆ ಹೋದರು, ಚನಿಯ ತೀರಿಕೊಂಡ, ಗುರುವ ಕ್ರಿಶ್ಚಿಯನ್ ಹುಡುಗಿಯನ್ನು ಮದುವೆಯಾದ, ಸಾಲ ಹಾಗೇ ಇತ್ತು, ಆಮೇಲೆ ಬೆಳ್ಳಿ ಹೋಗಬೇಕಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೊನೆಯ ಕಾಲಮ್ಮಿನಲ್ಲಿ ‘ದುಡ್ಡಿನಿಂದ ಅಲ್ಲ’ ಅಂತ ಮಾತ್ರ ಬರೆದಿದ್ದಳು. ಗೈಡ್‌ನ ಪಾತ್ರ ಪರಿಚಯಕ್ಕಿಂತ ಜಾಸ್ತಿ ಅದರಲ್ಲೇ ಇತ್ತು.

ಇನ್ನೊಂದು ಹಾಳೆಯಲ್ಲಿ ಇಸವಿಗಳಿವೆ. 1933 ಕಾದಂಬರಿ, 1974 ಭೂಸುಧಾರಣೆ, 1976 ಜೀತ ರದ್ದತಿ ಕಾಯ್ದೆ. ಕೆಳಗೆ ಒಂದೇ ಪ್ರಶ್ನೆ: 1974ರಲ್ಲಿ ಚೋಮ ಬದುಕಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತಾ? ಇಡೀ ಪೀರಿಯಡ್ ಇದರ ಮೇಲೇ ಜಗಳ ಆಯಿತು. ಉಳುವವನಿಗೇ ಭೂಮಿ ಅಂತ ಕಾನೂನು ಬಂತಲ್ಲ ಸರ್, ಸಿಗುತ್ತಿತ್ತು ಅಂದರು ಅರ್ಧ ಜನ. ಅದು ಗೇಣಿ ಮಾಡುತ್ತಿದ್ದವರಿಗೆ ಬಂದ ಕಾನೂನು, ಚೋಮ ಗೇಣಿದಾರನೇ ಅಲ್ಲ, ಧಣಿಯ ಮನೆಯ ಆಳು ಅಂತ ಅವರಲ್ಲೇ ಒಬ್ಬ ಹೇಳಿದ. ನಾನು ಬಾಯಿ ಬಿಡುವ ಪ್ರಮೇಯವೇ ಬರಲಿಲ್ಲ.

ನಕ್ಷೆಯಲ್ಲಿ ದೊಡ್ಡ ತಪ್ಪಿದೆ. 1933ರ ದಕ್ಷಿಣ ಕನ್ನಡವನ್ನು ಮೈಸೂರಿಗೆ ಸೇರಿಸಿ ಬಣ್ಣ ಹಚ್ಚಿದ್ದಾರೆ. ಆಗ ಅದು ಮದ್ರಾಸ್ ಪ್ರಾಂತ್ಯ, ಇತ್ತ ಬಂದದ್ದು 1956ರಲ್ಲಿ. ಆಡಿಯೋ ಪರವಾಗಿಲ್ಲ. ನಮ್ಮದು ಬಯಲುಸೀಮೆ, ಮಕ್ಕಳಿಗೆ ತಮಟೆ, ಡೊಳ್ಳು ಗೊತ್ತು, ಚೋಮ ಬಾರಿಸುವ ದುಡಿಯ ಸದ್ದು ಕೇಳಿರಲಿಲ್ಲ.

ಬಿ.ವಿ. ಕಾರಂತರ 1975ರ ಸಿನಿಮಾದ ಸುದ್ದಿಯೇ ಕಿಟ್‌ನಲ್ಲಿ ಇಲ್ಲ. ಶ್ರೇಷ್ಠ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂದ ಸಿನಿಮಾ ಅದು, ಚೋಮನಾಗಿದ್ದ ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಕಪ್ಪು ಬಿಳುಪು ಅಂತ ಮಕ್ಕಳು ಮೊದಲು ಗೊಣಗುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಪುಸ್ತಕ ಓದಿಸಿದ ಮೇಲೆ ತೋರಿಸಿ, ಮೊದಲೇ ತೋರಿಸಿದರೆ ಯಾರೂ ಓದಲ್ಲ.

ಇನ್ನೊಂದು ಕೊರತೆ ಇದೆ. ಕಾದಂಬರಿಯಲ್ಲಿ ಬರುವ ಜಾತಿಯ ಹೆಸರುಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವಾಗ ಅದೇ ಸಮುದಾಯದ ಮಕ್ಕಳು ಎದುರಿಗೇ ಕೂತಿರುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ನಿಜಕ್ಕೂ ಕಷ್ಟ, ಅದರ ಬಗ್ಗೆ ಒಂದು ಪುಟ ಬೇಕೇ ಬೇಕಿತ್ತು.

ಹಾಳೆಗಳನ್ನಷ್ಟೇ ಬೇರೆ ಮಾರುತ್ತೀರಾ ಅಂತ ಫೋನ್ ಮಾಡಿ ಕೇಳಿದೆ. ಇಲ್ಲವಂತೆ, ಸೆಟ್ ಪೂರ್ತಿ ತಗೋಬೇಕಂತೆ. ಹಾಳೆಗಳಿಗಾಗಿ 350 ಕೊಡಬಹುದು ಅನ್ನುವುದು ನನ್ನ ಲೆಕ್ಕ. ಗೈಡ್ ನಮ್ಮ ಸ್ಟಾಫ್ ರೂಮಿನ ಬೀರುವಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ವಾಪಸ್ ಕೊಡುವುದೇನೂ ಬೇಡ.