ಪಿಡಿಪಿ-11/23ಕ್ಕೆ ಹೊಂದುವ ಬೋರ್ಡ್ ಯಾವುದು: ಎಂ8044, ಎಂ8059 ಮತ್ತು ಎರಡು ಡಿಸ್ಕ್ ಕಂಟ್ರೋಲರ್‌ಗಳು

ಬೆಂಗಳೂರಿನ ಗುಜರಿಯಿಂದ ಕುಂಬಳೆಯ ನಮ್ಮ ಮನೆಗೆ ಬಂದ ಪಿಡಿಪಿ-11/23 ಯಂತ್ರದಲ್ಲಿ (ಡಿಇಸಿ ಕಂಪನಿಯ ಹಳೆಯ ಮಿನಿಕಂಪ್ಯೂಟರ್) ಎಂ8186 ಪ್ರೊಸೆಸರ್, ಎಂ8043 ಸೀರಿಯಲ್ ಬೋರ್ಡ್ ಮತ್ತು ಎಚ್9270 ಬ್ಯಾಕ್‌ಪ್ಲೇನ್ (ಬೋರ್ಡುಗಳನ್ನು ಸಿಕ್ಕಿಸುವ ಚೌಕಟ್ಟು) ಮಾತ್ರ ಉಳಿದಿದ್ದವು. ಮೆಮೊರಿಯನ್ನೂ ಡಿಸ್ಕ್ ಕಂಟ್ರೋಲರನ್ನೂ ನಾನೇ ಹುಡುಕಿ ಹೊಂದಿಸಬೇಕಾಯಿತು. ಈ ಬ್ಯಾಕ್‌ಪ್ಲೇನಿನ ಕ್ಯೂ-ಬಸ್, ಅಂದರೆ ಬೋರ್ಡುಗಳನ್ನು ಬೆಸೆಯುವ ತಂತಿಗಳ ಸಮೂಹ, ವಿಳಾಸದ ಲೆಕ್ಕದಲ್ಲಿ 18 ಬಿಟ್‌ನದು. ಹಾಗಾಗಿ ಎಷ್ಟು ದೊಡ್ಡ ಬೋರ್ಡ್ ಹಾಕಿದರೂ 256 ಕೆಬಿಗಿಂತ ಆಚೆಗೆ ವಿಳಾಸವೇ ಇಲ್ಲ, ಅದರಲ್ಲಿಯೂ ತುದಿಯ 8 ಕೆಬಿ ಐ/ಒ ಪುಟಕ್ಕೆ (ಡಿಸ್ಕ್, ಸೀರಿಯಲ್ ಮುಂತಾದ ಸಾಧನಗಳ ವಿಳಾಸಗಳಿಗೆ) ಮೀಸಲು. 512 ಕೆಬಿಯ ಎಂ8067 ಮೆಮೊರಿ ಬೋರ್ಡ್ ಕಡಿಮೆ ಬೆಲೆಗೆ ಸಿಗುತ್ತಿದ್ದರೂ ಅರ್ಧ ವ್ಯರ್ಥವಾಗುವುದರಿಂದ, ಮತ್ತು ಎರಡು ಅರ್ಧ ಬೋರ್ಡುಗಳು ಕೂರುವ ಒಂದು ಸಾಲನ್ನು ಅದು ಪೂರ್ತಿ ನುಂಗುವುದರಿಂದ, ಅದನ್ನು ಮೊದಲೇ ಕೈಬಿಟ್ಟೆ.

ಮೊದಲು ಕೈಗೆ ಬಂದದ್ದು ಅರ್ಧ ಸಾಲಿನ ನಾಲ್ಕು ಎಂ8044 ಮೆಮೊರಿ ಬೋರ್ಡುಗಳು. ಬೋರ್ಡಿನ ಅಂಚಿನ ಹಿಡಿಯ ಮೇಲೆ ಎಲ್ಲದಕ್ಕೂ ಅದೇ ಸಂಖ್ಯೆಯಿದ್ದುದರಿಂದ ನಾಲ್ಕೂ ತಲಾ 64 ಕೆಬಿ ಎಂದು ನಂಬಿದೆ. ಆದರೆ ಈ ಒಂದೇ ಸಂಖ್ಯೆಯಡಿ 8 ಕೆಬಿಯಿಂದ 64 ಕೆಬಿಯವರೆಗಿನ ಮಾದರಿಗಳಿದ್ದು, ಚಿಪ್‌ಗಳನ್ನು ಎಣಿಸದೆ ವ್ಯತ್ಯಾಸ ತಿಳಿಯುವುದು ಕಷ್ಟ. ನನ್ನ ನಾಲ್ಕರಲ್ಲಿ ಒಂದು 32 ಕೆಬಿಯದಾಗಿತ್ತು. ಒಂದೊಂದನ್ನೇ ಶೂನ್ಯ ವಿಳಾಸದಿಂದ ಆರಂಭವಾಗುವಂತೆ ಹಾಕಿ, ಕನ್ಸೋಲಿನಲ್ಲಿ (ಯಂತ್ರಕ್ಕೆ ಆಜ್ಞೆ ಕೊಡುವ ಟರ್ಮಿನಲ್ಲಿನಲ್ಲಿ) 100000 ಎಂದು ಬರೆದು ಓರೆಗೆರೆ ಒತ್ತಿದಾಗ ಮೂರು ಬೋರ್ಡುಗಳು ಆ ವಿಳಾಸದಲ್ಲಿದ್ದ ಅಂಕಿಯನ್ನು ತೋರಿಸಿದರೆ, ಇದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮುಖಕ್ಕೆ ಹೊಡೆದಂತೆ ಮುದ್ರಿಸಿತು. ಅಂದರೆ ಅಲ್ಲಿ ಮೆಮೊರಿಯೇ ಇಲ್ಲ. ಕನ್ಸೋಲಿನ ಸಂಖ್ಯೆಗಳೆಲ್ಲ ಅಷ್ಟಮಾನದವು (ಎಂಟರ ಆಧಾರದವು), ಅಂದರೆ ಅಷ್ಟಮಾನದ 100000 ಎಂಬುದು ನಮ್ಮ ಲೆಕ್ಕದ 32,768, 32 ಕೆಬಿಯ ಬೋರ್ಡು ಮುಗಿದ ನಂತರದ ಮೊದಲ ವಿಳಾಸ.

ಎಂ8059ರ 256 ಕೆಬಿ ಮಾದರಿ ಅದೇ ಅರ್ಧ ಸಾಲಿನ ಜಾಗದಲ್ಲಿ ಇಡೀ ಮಿತಿಯನ್ನು ತುಂಬಿಸುತ್ತದೆ, ಪ್ಯಾರಿಟಿಯನ್ನೂ (ದತ್ತಾಂಶದ ತಪ್ಪನ್ನು ಪತ್ತೆಹಚ್ಚುವ ಹೆಚ್ಚುವರಿ ಬಿಟ್‌ಗಳನ್ನೂ) ಕೊಡುತ್ತದೆ. ಎಂ8044ರಲ್ಲಿ ಪ್ಯಾರಿಟಿ ಇಲ್ಲ, ಅದಕ್ಕೆ 5 ವೋಲ್ಟಿನ ಜೊತೆ 12 ವೋಲ್ಟ್ ಕೂಡ ಬೇಕು. ಕಾಗದದ ಮೇಲೆ ಸ್ಪರ್ಧೆಯೇ ಇಲ್ಲ. ಆದರೂ ನಾಲ್ಕನ್ನೂ ತೆಗೆದು ಎಂ8059 ಹಾಕಿದ ದಿನ, ಅಲ್ಲಿಯವರೆಗೆ ಓದುತ್ತಿದ್ದ ಡಿಸ್ಕ್ ಸುಮ್ಮನಾಯಿತು. ಕನ್ಸೋಲ್ ಮಾತ್ರ ಎಂದಿನಂತೆ ಉತ್ತರಿಸುತ್ತಿತ್ತು. ಮಳೆಗಾಲದ ತೇವಕ್ಕೆ ಸಂಪರ್ಕಗಳು ಮಬ್ಬಾಗಿರಬೇಕೆಂದು ಎರಡು ದಿನ ರಬ್ಬರಿನಿಂದ ಉಜ್ಜಿದ್ದೇ ಬಂತು. ದೋಷ ಬೋರ್ಡಿನದಾಗಿರಲಿಲ್ಲ, ಹಳೆಯ ಬೋರ್ಡುಗಳು ಬಿಟ್ಟುಹೋದ ಖಾಲಿ ಜಾಗದ್ದಾಗಿತ್ತು. ಎಚ್9270ರಲ್ಲಿ ಬಸ್ ಹಾವಿನಂತೆ ಸಾಗುತ್ತದೆ: ಮೊದಲ ಸಾಲಿನಲ್ಲಿ ಒಂದು ದಿಕ್ಕಿಗೆ ಹೋದರೆ ಎರಡನೆಯದರಲ್ಲಿ ಎದುರು ದಿಕ್ಕಿಗೆ ಮರಳುತ್ತದೆ. ಡಿಎಂಎ (ಸಾಧನವೇ ಮೆಮೊರಿಯನ್ನು ನೇರ ಮುಟ್ಟುವುದು) ಮತ್ತು ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವುದು) ಅನುಮತಿಯ ಸಂಕೇತಗಳು ಬೋರ್ಡಿನಿಂದ ಬೋರ್ಡಿಗೆ ಕೈಬದಲಾಗುತ್ತ ಹೋಗುವುದರಿಂದ, ನಡುವೆ ಒಂದು ಜಾಗ ಖಾಲಿಯಿದ್ದರೆ ಆಚೆಗಿನ ಕಂಟ್ರೋಲರಿಗೆ ಅವು ತಲುಪುವುದಿಲ್ಲ. ಕನ್ಸೋಲಿನ ಆ ಪ್ರಾಥಮಿಕ ಮಾತುಕತೆಗೆ ಇವು ಬೇಡವಾದ್ದರಿಂದ ಯಂತ್ರ ಸರಿಯಿದೆಯೆಂಬ ಭ್ರಮೆ ಹುಟ್ಟಿತ್ತು. ಸೀರಿಯಲ್ ಬೋರ್ಡನ್ನು ಮೆಮೊರಿಯ ನೇರ ಕೆಳಗೆ ತಂದು, ಪಕ್ಕದ ಜಾಗಕ್ಕೆ ಈ ಅನುಮತಿ ಸಂಕೇತಗಳನ್ನು ಮುಂದಕ್ಕೆ ದಾಟಿಸುವ ಎಂ9047 ಗ್ರಾಂಟ್ ಕಾರ್ಡ್ ಸಿಕ್ಕಿಸಿ, ಕಂಟ್ರೋಲರನ್ನು ಮೂರನೆಯ ಸಾಲಿಗೆ ಏರಿಸಿದ ಮೇಲೆ ಡಿಸ್ಕ್ ಮತ್ತೆ ಎಚ್ಚೆತ್ತಿತು.

ಡಿಸ್ಕ್ ಕಂಟ್ರೋಲರಿನ ವಿಷಯದಲ್ಲಿ ತೀರ್ಪು ಸುಲಭ. ಆರ್‌ಎಲ್02 ಡ್ರೈವಿಗೆ ಆರ್‌ಎಲ್‌ವಿ11 ಮತ್ತು ಆರ್‌ಎಲ್‌ವಿ12 ಎರಡೂ ನಡೆಯುತ್ತವೆ, ಆದರೆ ಮೊದಲನೆಯದರ ಎರಡು ಬೋರ್ಡುಗಳಾದ ಎಂ8013 ಮತ್ತು ಎಂ8014 ಪರಸ್ಪರ ಮಾತಾಡಿಕೊಳ್ಳುವುದು ಸಿ-ಡಿ ಭಾಗದ (ಸಾಲಿನ ಎರಡನೆಯ ಅರ್ಧದ) ಸಂಪರ್ಕಗಳ ಮೂಲಕ. ಎಚ್9270ರಲ್ಲಿ ಅದೇ ಭಾಗದಲ್ಲಿ ಎರಡನೆಯ ಕ್ಯೂ-ಬಸ್ ಜಾಗವಿರುವುದರಿಂದ ಆ ಜೋಡಿಗೆ ಇಲ್ಲಿ ನೆಲೆಯಿಲ್ಲ. ಬದಿಯಡ್ಕದ ಸ್ನೇಹಿತರ ಎಚ್9273 ಬ್ಯಾಕ್‌ಪ್ಲೇನಿನಲ್ಲಿ ಅದೇ ಜೋಡಿ ಮೊದಲ ಪ್ರಯತ್ನಕ್ಕೇ ಓಡಿತು. ನನ್ನ ಯಂತ್ರದಲ್ಲಿರುವುದು ಒಂದೇ ಬೋರ್ಡಿನ ಆರ್‌ಎಲ್‌ವಿ12, ಅಂದರೆ ಎಂ8061.