ಕಾರ್ಟಿಲೇಜ್ ಸವೆತದ ಮೊದಲ ಹಂತ: ಪ್ಲೇಟಿನ ಕೋಶವೋ, ಆಡಿನ ಮೊಣಕಾಲೋ, ಕಂಪ್ಯೂಟರೋ?

ಕೀಲಿನಲ್ಲಿ ಮೂಳೆಯ ತುದಿಗಳನ್ನು ಮುಚ್ಚುವ ನುಣುಪು ಪದರವೇ ಕಾರ್ಟಿಲೇಜ್. ಅದರಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಹಾಗಾಗಿ ಸವೆತ ಶುರುವಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೊಣಕಾಲು ನೋವು ಅಂತ ಡಾಕ್ಟರ ಹತ್ತಿರ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಮೊದಲ ಹಂತ ನೋಡಬೇಕೆಂದರೆ ಅದನ್ನು ಲ್ಯಾಬಿನಲ್ಲೇ ಹುಟ್ಟಿಸಬೇಕು. ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡುತ್ತಾ ಇದಕ್ಕೆ ಮೂರು ದಾರಿ ಹಿಡಿದು ನೋಡಿದೆ.

ಲ್ಯಾಬಿನ ಪ್ಲೇಟಿನಲ್ಲಿ ಕಾರ್ಟಿಲೇಜ್ ಕೋಶ ಬೆಳೆಸುವುದು ಸುಲಭ, ಬೇಗ ಮುಗಿಯುತ್ತದೆ. ಆದರೆ ದುಂಡಗಿದ್ದ ಕೋಶ ಪ್ಲೇಟಿಗೆ ಅಂಟಿ ಚಪ್ಪಟೆಯಾಗುತ್ತದೆ. ಕಾರ್ಟಿಲೇಜಿನ ಜಾಲರಿಯ ಪ್ರೋಟೀನಾದ ಟೈಪ್ 2 ಕೊಲಾಜನ್ ಬಿಟ್ಟು ಬೇರೆ ಬಗೆಯ ಟೈಪ್ 1 ಮಾಡತೊಡಗುತ್ತದೆ. ಕಾರ್ಟಿಲೇಜ್ ಕೋಶವೇ ಅಲ್ಲದಂತಾದ ಮೇಲೆ ಅದರ ರೋಗ ಏನು ನೋಡುವುದು? ಆಲ್ಜಿನೇಟ್ ಎಂಬ ಜೆಲ್‌ನ ಮಣಿಯೊಳಗೆ ಇಟ್ಟರೆ ದುಂಡಗೇ ಇರುತ್ತದೆ, ನಿಜ. ಆದರೂ ಕಾರ್ಟಿಲೇಜಿನ ಪದರಗಳು ಅಲ್ಲಿ ಸಿಗುವುದಿಲ್ಲ.

ನನಗೆ ಒಗ್ಗಿದ್ದು ಆಡಿನ ಮೊಣಕಾಲು. ಬೆಳಿಗ್ಗೆ ಬೇಗ ಮಟನ್ ಅಂಗಡಿಗೆ ಹೋಗಿ, "ಕಾಕಾ, ಕೀಲು ಬಿಚ್ಚಬ್ಯಾಡ್ರಿ, ಹಂಗ ಇಡ್ರಿ" ಅನ್ನಬೇಕು. ಸೂಪಿಗಾ ಅಂತ ಕೇಳುತ್ತಾರೆ, ಹೂಂ ಅಂದರೆ ಮಾತು ಮುಗಿಯಿತು! ಲ್ಯಾಬಿನಲ್ಲಿ ಕೀಲು ತೆರೆದು, ಪಂಚ್ ಒತ್ತಿ ಬಿಳಿ ಬಿಲ್ಲೆಗಳನ್ನು ತೆಗೆಯುತ್ತೇವೆ. ಅರ್ಧಕ್ಕೆ ಉರಿಯೂತ ಎಬ್ಬಿಸುವ ಪ್ರೋಟೀನಾದ ಇಂಟರ್‌ಲ್ಯೂಕಿನ್-1 ಹಾಕಿ, ಉಳಿದರ್ಧವನ್ನು ಸುಮ್ನೆ ಬಿಟ್ಟು, 37 ಡಿಗ್ರಿಯಲ್ಲಿ ಇಡುತ್ತೇವೆ. ಕೆಲವು ದಿನ ಕಳೆದ ಮೇಲೆ ಬಿಲ್ಲೆ ಮುಳುಗಿದ್ದ ದ್ರವಕ್ಕೆ ಡಿಎಂಎಂಬಿ ಎಂಬ ನೀಲಿ ಬಣ್ಣ ಬೆರೆಸಿದರೆ ನೇರಳೆಗೆ ತಿರುಗುತ್ತದೆ. ನೀರು ಹಿಡಿದಿಡುವ ಸಕ್ಕರೆ ಸರಪಳಿಗಳು, ಅಂದರೆ ಗ್ಯಾಗ್, ಎಷ್ಟು ಸೋರಿವೆಯೋ ಬಣ್ಣ ಅಷ್ಟು ಗಾಢ. ಬಿಲ್ಲೆಯನ್ನು ತೆಳ್ಳಗೆ ಕೊಯ್ದು, ಗ್ಯಾಗ್ ಇದ್ದಲ್ಲಿ ಕೆಂಪಾಗಿಸುವ ಸಾಫ್ರನಿನ್ ಬಣ್ಣ ಹಚ್ಚಿದರೆ ಕೆಂಪು ಎಲ್ಲಿ ಮಾಸಿದೆ ಅಂತ ಕಣ್ಣಿಗೇ ಕಾಣುತ್ತದೆ. ಗ್ಯಾಗ್ ಮೊದಲು ಹೋಗುತ್ತದೆ, ಕೊಲಾಜನ್ ಇನ್ನಷ್ಟು ಕಾಲ ತಡೆಯುತ್ತದೆ. ನಾವು ಹುಡುಕುವ ಮೊದಲ ಹಂತ ಇದೇ ಅಲ್ವಾ?

ಕಾಟವೂ ಇದೆ. ಕೊಯ್ದ ಅಂಚಿನಿಂದ ಇಂಟರ್‌ಲ್ಯೂಕಿನ್ ಹಾಕದೆಯೂ ಸ್ವಲ್ಪ ಗ್ಯಾಗ್ ಸೋರುತ್ತದೆ. ಒಂದು ಆಡಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಹೋಲಿಸುವ ಬಿಲ್ಲೆ ಅದೇ ಮೊಣಕಾಲಿನದೇ ಆಗಿರಬೇಕು. ಅಂಗಡಿಗೆ ಬರುವುದು ಎಳೆಯ ಆಡು, ಮುಪ್ಪಿನ ಸವೆತ ಅದರಲ್ಲಿ ಸಿಗದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ಕ್ಯುಬೇಟರ್ ಕಾಯುವುದೇ ಒಂದು ಕೆಲಸ.

ಕಂಪ್ಯೂಟರಿಗೆ ಈ ಗೋಳಿಲ್ಲ. ಅಂಗಾಂಶದ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕುವ ಫೆಬಿಯೋ ಸಾಫ್ಟ್‌ವೇರ್ ಪುಕ್ಕಟೆ. ಕಾರ್ಟಿಲೇಜಿನ ತೂಕದಲ್ಲಿ 65ರಿಂದ 80 ಶೇಕಡಾ ನೀರು. ಕಾರ್ಟಿಲೇಜನ್ನು ಘನ ಜಾಲರಿ ಮತ್ತು ದ್ರವ ಎಂದು ಬೇರೆ ಮಾಡಿ ಲೆಕ್ಕ ಹಾಕುವ ವಿಧಾನವನ್ನು ಮೌ ಎಂಬ ಸಂಶೋಧಕ ಮತ್ತು ಸಂಗಡಿಗರು 1980ರಲ್ಲಿ ಕೊಟ್ಟರು. ಥಟ್ಟನೆ ಭಾರ ಬಿದ್ದಾಗ ಹೆಚ್ಚಿನದನ್ನು ನೀರಿನ ಒತ್ತಡವೇ ಹೊರುತ್ತದೆ. ಮಾದರಿಯಲ್ಲಿ ನೀರು ಸೋರುವ ವೇಗ ಜಾಸ್ತಿ ಮಾಡಿದರೆ ಆ ಭಾರ ಜಾಲರಿಯ ಮೇಲೆ ಬೀಳುವುದು ಕಾಣುತ್ತದೆ. ಉಳಿದದ್ದೆಲ್ಲ ಹಾಗೇ ಇಟ್ಟು ಒಂದನ್ನೇ ಬದಲಿಸುವುದು ಆಡಿನ ಮೊಣಕಾಲಿನಲ್ಲಿ ಆಗದ ಮಾತು. ಆದರೆ ಮಾದರಿಗೆ ತಾನಾಗಿ ರೋಗ ಬರುವುದಿಲ್ಲ. ಸವೆತದ ನಿಯಮ ನಾವೇ ಬರೆಯಬೇಕು, ಅಂಕಿಗಳನ್ನೂ ನಾವೇ ಕೊಡಬೇಕು.

ಔಷಧಿಗಳ ಮೊದಲ ಜರಡಿಗೆ ಆಲ್ಜಿನೇಟ್ ಮಣಿ ಸಾಕು. ಮಿಕ್ಕದ್ದಕ್ಕೆ ಬಿಲ್ಲೆಯಿಂದಲೇ ಶುರು ಮಾಡಿ. ಅದನ್ನು ಒತ್ತಿ ಅಳೆದ ಅಂಕಿಯನ್ನೇ ಕಂಪ್ಯೂಟರಿಗೆ ಕೊಡಿ, ಬೇರೆಯವರ ಪೇಪರಿನಿಂದ ಎತ್ತಿದ್ದನ್ನಲ್ಲ.